ಹಂದಿಯ ಜಂತುಹುಳು ಯಾವ ಜಾತಿಯದು? ಕತ್ತರಿಯಿಂದ ಪಿಸಿಆರ್‌ವರೆಗೆ ಹಂತ ಹಂತವಾಗಿ

ಫಾರ್ಮಲಿನ್ ತುಂಬಿದ ಒಂದು ಜಾಡಿ. ಒಳಗೆ ಸುರುಳಿ ಸುತ್ತಿಕೊಂಡ ಹತ್ತಿಪ್ಪತ್ತು ಹುಳ. ಮುಚ್ಚಳದ ಮೇಲೆ ‘ಹಂದಿ ಹುಳ’ ಅಂತ ಬರೆದಿದ್ದು ಅರ್ಧ ಅಳಿಸಿಹೋಗಿದೆ. ಜೊತೆಗೆ ಒಂದು ಕೋರಿಕೆ: ‘ಡಿಎನ್ಎ ಮಾಡಿ ಜಾತಿ ಹೇಳಿ.’

ಇಂಥ ಜಾಡಿಗಳು ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತವೆ. ಫಾರ್ಮಲಿನ್ನಿನಲ್ಲಿ ಕೂತ ಹುಳದ ಡಿಎನ್ಎ ಚೂರುಚೂರಾಗಿ, ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಸುರುಳಿ ಸುತ್ತಿದ ಹುಳದ ಅಳತೆ ತೆಗೆಯಲಾಗದು. ಯಾವ ಅಂಗದಿಂದ ತೆಗೆದರೆಂದು ಯಾರಿಗೂ ನೆನಪಿಲ್ಲ. ಕೆಲಸ ಕೆಟ್ಟಿರುವುದು ಲ್ಯಾಬಿನಲ್ಲಲ್ಲ, ಹುಳ ತೆಗೆದ ಮೊದಲ ಅರ್ಧ ಗಂಟೆಯಲ್ಲಿ.

ಅದಕ್ಕೇ ಇಲ್ಲಿ ಹಂತಗಳ ಕ್ರಮಕ್ಕೆ ಜಾಸ್ತಿ ಒತ್ತು ಕೊಡುತ್ತೇನೆ. ಒಂದು ನಿಯಮ ಕೊನೆಯವರೆಗೂ ಜೊತೆಗಿರಲಿ: ಅಂಗರಚನೆಯ ಸಾಕ್ಷಿಯೂ ಡಿಎನ್ಎ ಸಾಕ್ಷಿಯೂ ಒಂದೇ ಹುಳದಿಂದ ಬರಬೇಕು. ಒಂದು ಹುಳದ ಫೋಟೋ, ಪಕ್ಕದ ಹುಳದ ಡಿಎನ್ಎ ಸೇರಿಸಿದರೆ ಅದು ಗುರುತಿಸುವಿಕೆ ಆಗುವುದಿಲ್ಲ, ಊಹೆ ಆಗುತ್ತದೆ.

## ಶುರು ಮಾಡುವ ಮುಂಚೆ: ಸಾಮಾನು ಮತ್ತು ಎಚ್ಚರಿಕೆ

ಹುಳ ತೆಗೆಯುವ ಜಾಗಕ್ಕೆ ಇಷ್ಟು ಬೇಕು: ಕತ್ತರಿ, ಚಿಮುಟ, ದಾರ, ನಾಲ್ಕೈದು ಟ್ರೇ, 0.9% ಉಪ್ಪುನೀರು, 150 ಮೈಕ್ರೋಮೀಟರ್ ಕಣ್ಣಿನ ಜರಡಿ, ಮೃದು ಬ್ರಷ್, 70% ಮತ್ತು 95% ಆಲ್ಕೋಹಾಲ್, ಸ್ಕ್ರೂ ಮುಚ್ಚಳದ ಸಣ್ಣ ಶೀಶೆಗಳು, ಪೆನ್ಸಿಲ್, ದಪ್ಪ ಕಾಗದದ ಚೀಟಿಗಳು.

ಲ್ಯಾಬಿನಲ್ಲಿ ಸ್ಟೀರಿಯೋ ಸೂಕ್ಷ್ಮದರ್ಶಕ, ಸಾಮಾನ್ಯ ಸೂಕ್ಷ್ಮದರ್ಶಕ, ಸ್ಟೇಜ್ ಮೈಕ್ರೋಮೀಟರ್ (ಅಳತೆಯ ಗೆರೆಗಳಿರುವ ಸ್ಲೈಡ್), ಹುಳವನ್ನು ಪಾರದರ್ಶಕ ಮಾಡುವ ಲ್ಯಾಕ್ಟೋಫಿನಾಲ್ ಮತ್ತು ಕಾರ್ಮೈನ್ ಬಣ್ಣ ಇರಲಿ. ಡಿಎನ್ಎಯ ಒಂದು ತುಂಡನ್ನು ಲಕ್ಷಾಂತರ ನಕಲು ಮಾಡುವ ಪಿಸಿಆರ್ ಯಂತ್ರ ನಿಮ್ಮಲ್ಲೇ ಇರಬೇಕಾಗಿಲ್ಲ. ಹುಳವನ್ನು ಸರಿಯಾಗಿ ಇಟ್ಟಿದ್ದರೆ ಡಿಎನ್ಎ ಕೆಲಸವನ್ನು ಆರು ತಿಂಗಳ ಮೇಲೆ ಬೇರೆ ಊರಿನಲ್ಲೂ ಮಾಡಿಸಬಹುದು.

ಕೈಗವಸು, ಮಾಸ್ಕ್ ಕಡ್ಡಾಯ. ಸಣ್ಣ ಕರುಳಿನ ದೊಡ್ಡ ದುಂಡುಹುಳ ಆಸ್ಕ್ಯಾರಿಸನ್ನು ಸೀಳುವಾಗ ಕೆಲವರಿಗೆ ಜೋರು ಅಲರ್ಜಿ ಬರುತ್ತದೆ. ಕಣ್ಣುರಿ, ಸೀನು, ಉಬ್ಬಸ ಶುರುವಾದರೆ ಕೂಡಲೇ ಹೊರಗೆ ಹೋಗಿ. ಇದರ ಮೊಟ್ಟೆಗೆ ಫಾರ್ಮಲಿನ್ ಹಾಕಿದರೂ ಸಾವಿಲ್ಲ. ತೆಳು ಫಾರ್ಮಲಿನ್ನಿನಲ್ಲೇ ಅದರೊಳಗೆ ಮರಿ ಬೆಳೆಯುತ್ತದೆ. ಹಳೇ ಜಾಡಿ ಅಂತ ಬರಿಗೈ ಹಾಕಬೇಡಿ. ಲ್ಯಾಕ್ಟೋಫಿನಾಲಿನಲ್ಲಿರುವ ಫಿನಾಲ್ ಚರ್ಮವನ್ನು ಸುಡುತ್ತದೆ, ಅದೂ ನೆನಪಿರಲಿ.

## ಹಂತ 1: ಅಂಗಗಳನ್ನು ಬೇರೆ ಬೇರೆ ಮಾಡಿ

ಹೊಟ್ಟೆ ಸೀಳಿದ ಕೂಡಲೇ ಹುಳ ಹುಡುಕಲು ಹೋಗಬೇಡಿ. ಮೊದಲು ದಾರ ಕಟ್ಟಿ. ಜಠರದ ಎರಡೂ ತುದಿ, ಸಣ್ಣ ಕರುಳಿನ ಎರಡೂ ತುದಿ, ಕುರುಡು ಕರುಳು, ದೊಡ್ಡ ಕರುಳು. ಆಮೇಲೆ ಒಂದೊಂದನ್ನೂ ಬೇರೆ ಟ್ರೇಗೆ ಹಾಕಿ. ಹಂದಿ ಸತ್ತ ಮೇಲೆ ಹುಳಗಳು ಜಾಗ ಬಿಟ್ಟು ಹರಿದಾಡುತ್ತವೆ. ದಾರ ಕಟ್ಟದಿದ್ದರೆ ಸಣ್ಣ ಕರುಳಿನ ಹುಳ ಜಠರದಲ್ಲಿ ಸಿಗುತ್ತದೆ, ನಿಮ್ಮ ಮೊದಲ ಸುಳಿವೇ ತಪ್ಪುತ್ತದೆ.

ಜಠರವನ್ನು ತೆರೆದು ಬೆಚ್ಚನೆಯ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಹಯೋಸ್ಟ್ರಾಂಜೈಲಸ್ ಹುಳ ಕೂದಲಿನಷ್ಟು ತೆಳ್ಳಗೆ, ಕೆಂಪಗೆ, ಲೋಳೆಯ ಒಳಗೆ ಅಡಗಿರುತ್ತದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ. ಸಣ್ಣ ಕರುಳಿನ ಒಳಪದರವನ್ನು ಗಾಜಿನ ಸ್ಲೈಡಿನಿಂದ ಕೆರೆದು ನೋಡಬೇಕು. ಸ್ಟ್ರಾಂಜಿಲಾಯ್ಡಿಸ್ ಎಂಬ ಎಳೆಯಂಥ ಸಣ್ಣ ಹುಳ ಸಿಗುವುದೇ ಆ ಕೆರೆದ ಲೋಳೆಯಲ್ಲಿ.

ಶ್ವಾಸಕೋಶದಲ್ಲಿ ಹಿಂದಿನ ದೊಡ್ಡ ಹಾಳೆಗಳ ತುದಿಯನ್ನು ಕತ್ತರಿಸಿ ಹಿಂಡಿ. ಹುಳ ಇದ್ದರೆ ಲೋಳೆಯ ಜೊತೆ ಬಿಳಿ ದಾರದ ಹಾಗೆ ಹೊರಗೆ ಬರುತ್ತದೆ. ಕಿಡ್ನಿಯನ್ನು ನೋಡಿ ಅದರ ಸುತ್ತಲಿನ ಕೊಬ್ಬನ್ನು ಎಸೆದುಬಿಡುವವರು ಬಹಳ ಮಂದಿ. ಕಿಡ್ನಿಹುಳ ಇರುವುದು ಹೆಚ್ಚಾಗಿ ಆ ಕೊಬ್ಬಿನಲ್ಲೇ, ಮೂತ್ರನಾಳದ ಪಕ್ಕದ ಗಂಟುಗಳಲ್ಲಿ. ಲಿವರ್, ಕರುಳನ್ನು ಹೊದೆದ ಕೊಬ್ಬಿನ ಪೊರೆ, ನಾಲಿಗೆ, ಹೃದಯ, ವಪೆ (ಎದೆ ಹೊಟ್ಟೆಗಳ ನಡುವಿನ ಸ್ನಾಯು), ತೊಡೆಯ ಮಾಂಸ ಇವನ್ನೂ ಬಿಡಬೇಡಿ. ಲಾಡಿಹುಳದ ಚೀಲಗಳು ಅಲ್ಲಿರುತ್ತವೆ.

ಪ್ರತಿ ಟ್ರೇಯ ಜೊತೆ ಚೀಟಿ ಬರೆಯಿರಿ: ದಿನಾಂಕ, ಊರು, ಹಂದಿಯ ವಯಸ್ಸು, ಅಂಗ. ಪೆನ್ಸಿಲ್‌ನಲ್ಲೇ ಬರೆಯಿರಿ, ಚೀಟಿಯನ್ನು ಶೀಶೆಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.

## ಹಂತ 2: ತೊಳೆಯುವುದು ಮತ್ತು ಸಾಯಿಸುವುದು

ದುಂಡುಹುಳಗಳನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅವು ನೀರು ಹೀರಿ ಉಬ್ಬುತ್ತವೆ, ಒಡೆಯುತ್ತವೆ. ಉಪ್ಪುನೀರೇ ಬೇಕು. ಬ್ರಷ್‌ನಿಂದ ಮೆತ್ತಗೆ ಲೋಳೆ ತೆಗೆಯಿರಿ. ತೊಳೆದ ಮೇಲೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯ 70% ಆಲ್ಕೋಹಾಲಿಗೆ ಒಂದೊಂದಾಗಿ ಹಾಕಿ. ಕ್ಷಣದಲ್ಲಿ ನೆಟ್ಟಗಾಗಿ ಸಾಯುತ್ತವೆ. ತಣ್ಣನೆಯ ಆಲ್ಕೋಹಾಲಿಗೆ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತವೆ, ಗಂಡಿನ ಬಾಲ ಮುದುಡುತ್ತದೆ. ಆಮೇಲೆ ಏನು ಮಾಡಿದರೂ ಬಿಡಿಸಲಾಗದು. ಆಲ್ಕೋಹಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ. ಹತ್ತಿರ ಬೆಂಕಿಯ ಜ್ವಾಲೆ ಇರಲೇಬಾರದು.

ಮುಳ್ಳುತಲೆ ಹುಳಕ್ಕೆ ಇದರ ತದ್ವಿರುದ್ಧ. ಅದನ್ನು ತಣ್ಣನೆಯ ಬರೀ ನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿ ಕೆಲವು ಗಂಟೆ ಇಡಬೇಕು. ನೀರು ಹೀರಿಕೊಂಡಾಗ ಒಳಗೆ ಸರಿದಿದ್ದ ಮುಳ್ಳಿನ ಸೊಂಡಿಲು ಹೊರಗೆ ಚಾಚುತ್ತದೆ. ಆಗ ಮಾತ್ರ ಮುಳ್ಳು ಎಣಿಸಬಹುದು. ದುಂಡುಹುಳವನ್ನು ಕೆಡಿಸುವ ನೀರು ಇಲ್ಲಿ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಹುಳ ಯಾವ ಗುಂಪಿನದು ಅಂತ ಮೊದಲೇ ಒಂದು ಕಣ್ಣು ಹಾಯಿಸಿ, ಆಮೇಲೆ ಪಾತ್ರೆ ಆರಿಸಿಕೊಳ್ಳಿ.

ಮುಳ್ಳುತಲೆ ಹುಳವನ್ನು ಕರುಳಿನಿಂದ ಎಳೆದು ಕೀಳಬೇಡಿ. ಶುರುವಿನ ದಿನಗಳಲ್ಲಿ ನಾನು ಎಳೆದು ಸೊಂಡಿಲೇ ಇಲ್ಲದ ಹುಳಗಳನ್ನು ಕೂಡಿಟ್ಟಿದ್ದೆ. ಅವುಗಳಲ್ಲಿ ಒಂದನ್ನೂ ಜಾತಿಯವರೆಗೆ ಹೇಳಲಾಗಲಿಲ್ಲ. ಅದು ಕಚ್ಚಿಕೊಂಡಿರುವ ಕರುಳಿನ ಚೂರನ್ನೂ ಸೇರಿಸಿ ಕತ್ತರಿಸಿ, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಬಿಡಿಸಿ.

ಎಲೆಯಂಥ ಚಪ್ಪಟೆಹುಳಗಳನ್ನು ಉಪ್ಪುನೀರಿನಲ್ಲಿ ಸಡಿಲಗೊಳ್ಳಲು ಬಿಟ್ಟು, ಎರಡು ಸ್ಲೈಡ್‌ಗಳ ನಡುವೆ ಹಗುರಾಗಿ ಒತ್ತಿ ಆಲ್ಕೋಹಾಲಿನಲ್ಲಿಡಿ. ಜೋರಾಗಿ ಒತ್ತಿದರೆ ಒಳಗಿನ ಅಂಗಗಳು ಜಾಗ ಬದಲಿಸುತ್ತವೆ.

## ಹಂತ 3: ಒಂದೇ ಹುಳವನ್ನು ಎರಡು ಪಾಲು ಮಾಡಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಸಣ್ಣ ದುಂಡುಹುಳವಾದರೆ ತಲೆ ಮತ್ತು ಬಾಲ ಅಂಗರಚನೆಗೆ, ನಡುವಿನ ಚೂರು ಡಿಎನ್ಎಗೆ. ಜಾತಿ ಹೇಳುವ ಗುರುತುಗಳು ತಲೆಯಲ್ಲಿ ಮತ್ತು ಗಂಡಿನ ಬಾಲದಲ್ಲಿವೆ. ನಡುವಿನ ಎರಡು ಮೂರು ಮಿಲಿಮೀಟರ್ ಹೋದರೆ ನಷ್ಟವಿಲ್ಲ. ಆದರೆ ಕತ್ತರಿಸುವ ಮುಂಚೆ ಇಡೀ ಹುಳದ ಉದ್ದ ಅಳೆಯಿರಿ, ಫೋಟೋ ತೆಗೆಯಿರಿ. ಕತ್ತರಿಸಿದ ಮೇಲೆ ಆ ಅಳತೆ ಮತ್ತೆ ಸಿಗದು.

ಆಸ್ಕ್ಯಾರಿಸ್‌ನಂಥ ದೊಡ್ಡ ಹೆಣ್ಣುಹುಳದಲ್ಲಿ ನಡುಭಾಗದ ಚೂರು ತೆಗೆಯಬೇಡಿ. ಅಲ್ಲಿ ಗರ್ಭಕೋಶದ ತುಂಬ ಮೊಟ್ಟೆಗಳಿರುತ್ತವೆ. ಮೊಟ್ಟೆಯಲ್ಲಿ ಗಂಡಿನ ಡಿಎನ್ಎಯೂ ಸೇರಿರುತ್ತದೆ. ನೀವು ಒಂದು ಹುಳ ಓದುತ್ತಿದ್ದೇನೆ ಅಂದುಕೊಂಡಿರುತ್ತೀರಿ, ನಿಜವಾಗಿ ಒಂದು ಸಂಸಾರವನ್ನೇ ಓದುತ್ತಿರುತ್ತೀರಿ. ತಲೆಯಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಸೀಳಿ, ಕರುಳನ್ನು ತೆಗೆದುಹಾಕಿ, ಒಳಗೋಡೆಯ ಸ್ನಾಯುವಿನ ಚೂರು ತೆಗೆಯಿರಿ. ಹುಳದ ಕರುಳಿನೊಳಗೆ ಹಂದಿಯ ಆಹಾರ, ಹಂದಿಯ ಜೀವಕೋಶ ಇರುತ್ತವೆ. ಅದು ಸೇರಿದರೆ ಕೊನೆಗೆ ಬರುವ ಉತ್ತರ ‘ಹಂದಿ’ ಅಂತಲೇ.

ಚಪ್ಪಟೆಹುಳವಾದರೆ ಅಂಚಿನ ಒಂದು ಚೂರು ಸಾಕು. ಲಾಡಿಹುಳದ ಚೀಲವಾದರೆ ತಲೆ ಅಂಗರಚನೆಗೆ, ಚೀಲದ ಗೋಡೆ ಡಿಎನ್ಎಗೆ.

ಡಿಎನ್ಎ ಚೂರು 95% ಅಥವಾ ಅದಕ್ಕಿಂತ ಹೆಚ್ಚಿನ ಆಲ್ಕೋಹಾಲಿಗೆ ಹೋಗಲಿ. ಚೂರಿನ ಹತ್ತು ಪಟ್ಟು ಆಲ್ಕೋಹಾಲ್ ಇರಲಿ. ಮರುದಿನ ಅದನ್ನು ಬದಲಿಸಿ, ಯಾಕೆಂದರೆ ಹುಳದೊಳಗಿನ ನೀರು ಹೊರಬಂದು ಅದನ್ನು ತೆಳುವಾಗಿಸಿರುತ್ತದೆ. ಆಮೇಲೆ ಮೈನಸ್ 20 ಡಿಗ್ರಿಯಲ್ಲಿಡಿ. ತಲೆ ಬಾಲ 70% ಆಲ್ಕೋಹಾಲಿನಲ್ಲಿರಲಿ. ಎರಡೂ ಶೀಶೆಗೆ ಒಂದೇ ಸಂಖ್ಯೆ ಕೊಡಿ. ಒಂದು ಶೀಶೆಯಲ್ಲಿ ಒಂದೇ ಹುಳ. ಈ ಸಂಖ್ಯೆ ತಪ್ಪಿದರೆ ಮುಂದಿನ ಎಲ್ಲ ಕೆಲಸ ದಂಡ.

## ಹಂತ 4: ಮೊದಲು ಗುಂಪು ಹೇಳಿ

ನೇರ ಜಾತಿಗೆ ಹಾರಬೇಡಿ. ನಾಲ್ಕು ಗುಂಪುಗಳಲ್ಲಿ ಯಾವುದು ಅಂತ ಮೊದಲು ತೀರ್ಮಾನವಾಗಲಿ.

ದುಂಡುಹುಳ: ದಾರದ ಹಾಗೆ ದುಂಡಗೆ, ಎರಡೂ ತುದಿ ಚೂಪು, ಬಾಯಿಯಿಂದ ಗುದದವರೆಗೆ ಪೂರ್ತಿ ಕರುಳು ಇರುತ್ತದೆ. ಚಪ್ಪಟೆಹುಳ: ಎಲೆಯಾಕಾರ, ಹೀರುಬಟ್ಟಲು ಇರುತ್ತದೆ. ಲಾಡಿಹುಳ: ಹಂದಿಯಲ್ಲಿ ಇದು ಬಹುಪಾಲು ನೀರು ತುಂಬಿದ ಚೀಲವಾಗಿ ಸಿಗುತ್ತದೆ, ಉದ್ದನೆಯ ಪಟ್ಟಿಯಾಗಿ ಅಲ್ಲ. ಮುಳ್ಳುತಲೆ ಹುಳ: ದುಂಡಗಿದ್ದರೂ ಒಳಗೆ ಕರುಳೇ ಇಲ್ಲ, ಮುಂದೆ ಮುಳ್ಳಿನ ಸೊಂಡಿಲು.

ತುಂಬಾ ಸಲ ಆಗುವ ತಪ್ಪೊಂದಿದೆ. ಸಣ್ಣ ಕರುಳಿನಲ್ಲಿ ದೊಡ್ಡ ಹುಳ ಕಂಡರೆ ಎಲ್ಲರೂ ‘ಆಸ್ಕ್ಯಾರಿಸ್’ ಅಂದುಬಿಡುತ್ತಾರೆ. ಮ್ಯಾಕ್ರಕ್ಯಾಂಥೊರಿಂಕಸ್ ಹಿರುಡಿನೇಸಿಯಸ್ ಎಂಬ ಮುಳ್ಳುತಲೆ ಹುಳವೂ ಅಲ್ಲೇ ಇರುತ್ತದೆ, ಹೆಣ್ಣು 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಆಸ್ಕ್ಯಾರಿಸ್ ನುಣುಪಾಗಿರುತ್ತದೆ, ಕರುಳಿನಲ್ಲಿ ಬಿಡಿಯಾಗಿ ತೇಲುತ್ತಿರುತ್ತದೆ. ಮುಳ್ಳುತಲೆ ಹುಳದ ಮೈಮೇಲೆ ಅಡ್ಡ ಸುಕ್ಕುಗಳು, ಗೋಡೆಗೆ ಬಲವಾಗಿ ಕಚ್ಚಿಕೊಂಡಿರುತ್ತದೆ, ಕಚ್ಚಿದ ಕಡೆ ಹೊರಗಿನಿಂದಲೂ ಗಂಟು ಕಾಣುತ್ತದೆ. ಹುಳ ಬಿಡಿಸುವಾಗ ಅಂಟಿಕೊಂಡ ಹಾಗನಿಸಿದರೆ ಕೈ ನಿಲ್ಲಿಸಿ.

## ಹಂತ 5: ಪಾರದರ್ಶಕ ಮಾಡಿ ಅಳೆಯಿರಿ

ಸಣ್ಣ ದುಂಡುಹುಳಗಳ ಒಳಭಾಗ ಕಾಣಬೇಕಾದರೆ ಲ್ಯಾಕ್ಟೋಫಿನಾಲ್ ಬೇಕು. ಒಂದು ಪಾಲು ಲ್ಯಾಕ್ಟಿಕ್ ಆಮ್ಲ, ಒಂದು ಪಾಲು ಫಿನಾಲ್, ಎರಡು ಪಾಲು ಗ್ಲಿಸರಿನ್, ಒಂದು ಪಾಲು ನೀರು. ಹುಳವನ್ನು ಒಂದು ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ ಕಾಯಿರಿ. ಸಣ್ಣದಕ್ಕೆ ಕೆಲವು ನಿಮಿಷ, ದಪ್ಪದ್ದಕ್ಕೆ ಒಂದು ದಿನವೂ ಬೇಕಾಗುತ್ತದೆ. ಕವರ್‌ಸ್ಲಿಪ್ಪನ್ನು ಮೆಲ್ಲಗೆ ಸರಿಸಿದರೆ ಹುಳ ಉರುಳುತ್ತದೆ, ಎಲ್ಲ ಮಗ್ಗುಲಿನಿಂದಲೂ ನೋಡಬಹುದು.

ಚಪ್ಪಟೆಹುಳಗಳಿಗೆ ಕಾರ್ಮೈನ್ ಬಣ್ಣ ಹಾಕಿ, ತೆಳುವಿನಿಂದ ಶುದ್ಧದವರೆಗೆ ಆಲ್ಕೋಹಾಲಿನ ಮೆಟ್ಟಿಲು ಹತ್ತಿಸಿ, ಕ್ಸೈಲೀನ್‌ನಲ್ಲಿ ತಿಳಿಗೊಳಿಸಿ ಖಾಯಂ ಸ್ಲೈಡ್ ಮಾಡಿ. ಹಾಲಿನಂಥ ಮಂಜು ಕಂಡರೆ ಒಳಗೆ ನೀರು ಉಳಿದಿದೆ ಅಂತ ಅರ್ಥ. ವಾಪಸ್ ಶುದ್ಧ ಆಲ್ಕೋಹಾಲಿಗೆ ಹಾಕಿ.

ಅಳತೆಯಲ್ಲಿ ಒಂದೇ ಮಾತು: ಪ್ರತಿ ಲೆನ್ಸಿಗೂ ಸ್ಟೇಜ್ ಮೈಕ್ರೋಮೀಟರ್ ಇಟ್ಟು ನೀವೇ ಲೆಕ್ಕ ಹಾಕಿ. ಬೇರೆ ಸೂಕ್ಷ್ಮದರ್ಶಕದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

## ಹಂತ 6: ಅಂಗದ ಪ್ರಕಾರ ಜಾತಿ ಹುಡುಕಿ

### ಜಠರ

ಕೆಂಪಗೆ, ತೆಳ್ಳಗೆ, ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಾಗಿದ್ದು ಗಂಡಿನ ಬಾಲದಲ್ಲಿ ಕೊಡೆಯಂಥ ಪೊರೆ (ಬರ್ಸಾ) ಇದ್ದರೆ ಹಯೋಸ್ಟ್ರಾಂಜೈಲಸ್ ರುಬಿಡಸ್. ಒಂದೆರಡು ಸೆಂಟಿಮೀಟರ್ ಉದ್ದದ, ಬರ್ಸಾ ಇಲ್ಲದ ಹುಳವಾದರೆ ಗಂಟಲಿನ ಗೋಡೆ ನೋಡಿ. ಸ್ಪ್ರಿಂಗಿನಂಥ ಸುತ್ತುಗಳು ಕಾಣುತ್ತವೆ. ಮೂರು ನಾಲ್ಕು ಎಳೆಗಳ ಸುತ್ತು ಇದ್ದರೆ ಆಸ್ಕರಾಪ್ಸ್ ಸ್ಟ್ರಾಂಜಿಲೈನಾ. ಒಂದೇ ಎಳೆಯ ಸುತ್ತು ಇದ್ದು, ನಡುವಿನಲ್ಲಿ ಅದು ಬಿಡಿ ಬಳೆಗಳಾಗಿದ್ದರೆ ಫೈಸೊಸೆಫಾಲಸ್ ಸೆಕ್ಸಲೇಟಸ್. ಕತ್ತಿನ ಮೇಲಿನ ತೆಳು ರೆಕ್ಕೆಗಳನ್ನೂ ಎಣಿಸಿ. ಎಡಗಡೆ ಮಾತ್ರ ಒಂದಿದ್ದರೆ ಆಸ್ಕರಾಪ್ಸ್, ಎರಡೂ ಕಡೆ ಮೂರು ಮೂರಿದ್ದರೆ ಫೈಸೊಸೆಫಾಲಸ್. ಎರಡರ ಮರಿಗಳೂ ಹಂದಿಗೆ ಬರುವ ಮುಂಚೆ ಸಗಣಿ ಜೀರುಂಡೆಗಳಲ್ಲಿ ಬೆಳೆಯುತ್ತವೆ, ಹಾಗಾಗಿ ಹೊರಗೆ ಮೇಯುವ ಹಂದಿಯಲ್ಲಿ ಒಟ್ಟಿಗೇ ಸಿಗಬಹುದು.

ತಲೆ ಗುಂಡಗೆ ಉಬ್ಬಿ, ಮೈಯೆಲ್ಲ ಸಣ್ಣ ಮುಳ್ಳಿದ್ದರೆ ನ್ಯಾಥೋಸ್ಟೋಮ ಹಿಸ್ಪಿಡಮ್. ಇದನ್ನು ಮುಳ್ಳುತಲೆ ಹುಳ ಅಂದುಕೊಳ್ಳಬೇಡಿ. ಇದಕ್ಕೆ ಬಾಯಿಯೂ ಇದೆ, ಕರುಳೂ ಇದೆ.

### ಸಣ್ಣ ಕರುಳು

ಆಸ್ಕ್ಯಾರಿಸ್‌ಗೆ ಬಾಯಿಯ ಸುತ್ತ ಮೂರು ತುಟಿ. ಹೆಣ್ಣು 20ರಿಂದ 40 ಸೆಂಟಿಮೀಟರ್, ಗಂಡು ಅದಕ್ಕಿಂತ ಚಿಕ್ಕದು, ಬಾಲ ಕೊಕ್ಕೆಯ ಹಾಗೆ ಬಾಗಿರುತ್ತದೆ. ಕುಲದವರೆಗೆ ಸುಲಭ. ಅಲ್ಲಿಂದ ಮುಂದಿನದು ಹಂತ 8ರಲ್ಲಿದೆ.

ಲೋಳೆಯಲ್ಲಿ 3ರಿಂದ 5 ಮಿಲಿಮೀಟರ್‌ನ ಎಳೆಗಳು, ಎಲ್ಲವೂ ಹೆಣ್ಣು, ಅನ್ನನಾಳ ಮೈಗೆ ಹೋಲಿಸಿದರೆ ತುಂಬಾ ಉದ್ದ ಇದ್ದರೆ ಸ್ಟ್ರಾಂಜಿಲಾಯ್ಡಿಸ್ ರಾನ್ಸಮೈ. ಗಂಡು ಸಿಗಲಿಲ್ಲ ಅಂತ ಚಿಂತೆ ಬೇಡ. ಹಂದಿಯೊಳಗೆ ಇದರ ಗಂಡು ಇರುವುದೇ ಇಲ್ಲ.

ಅಸ್ಸಾಂ, ಬಿಹಾರದ ಕಡೆಯ ಹಂದಿಗಳಲ್ಲಿ ಕೆಲಸ ಮಾಡುವವರು ಸಣ್ಣ ಕರುಳಿನಲ್ಲಿ ದೊಡ್ಡ ಎಲೆಹುಳ ಫ್ಯಾಸಿಯೋಲಾಪ್ಸಿಸ್ ಬುಸ್ಕೈಯನ್ನೂ, ಕುರುಡು ಕರುಳಿನಲ್ಲಿ ಗುಲಾಬಿ ಬಣ್ಣದ, ಹಿಂಭಾಗ ತಟ್ಟೆಯಂತಿರುವ ಗ್ಯಾಸ್ಟ್ರೋಡಿಸ್ಕಾಯ್ಡಿಸ್ ಹೋಮಿನಿಸ್ಸನ್ನೂ ಹುಡುಕಲೇಬೇಕು. ಎರಡೂ ಮನುಷ್ಯರಿಗೆ ಬರುತ್ತವೆ. ಫ್ಯಾಸಿಯೋಲಾಪ್ಸಿಸ್‌ನ ಕರುಳಿನ ಎರಡು ಕವಲು ಅಲೆಯಂತೆ ಬಳುಕುತ್ತವೆ, ಆದರೆ ಕೊಂಬೆ ಒಡೆಯುವುದಿಲ್ಲ. ಲಿವರಿನ ಫ್ಯಾಸಿಯೋಲಾದಲ್ಲಿ ಮರದ ಹಾಗೆ ಕೊಂಬೆಗಳಿರುತ್ತವೆ.

### ದೊಡ್ಡ ಕರುಳು

ಚಾಟಿಹುಳ ಟ್ರೈಕ್ಯುರಿಸ್ ಸೂಯಿಸ್‌ನ ಆಕಾರ ನೋಡಿದರೆ ಸಾಕು. ಮೈಯ ಮುಂದಿನ ಮೂರನೇ ಎರಡು ಭಾಗ ದಾರ, ಹಿಂಭಾಗ ಹಿಡಿಕೆ. ಅನೇಕರು ದಪ್ಪ ಭಾಗವನ್ನು ತಲೆ ಅಂತ ಬರೆಯುತ್ತಾರೆ. ತಲೆ ತೆಳು ತುದಿಯಲ್ಲಿದೆ, ಅದು ಕರುಳಿನ ಪದರದೊಳಗೆ ಹೊಲಿದಂತೆ ಹೊಕ್ಕಿರುತ್ತದೆ. ಹಾಗಾಗಿ ಅಲ್ಲಿ ಹಂದಿಯ ಜೀವಕೋಶ ಅಂಟಿರುತ್ತದೆ. ಆದಷ್ಟು ಗಂಡುಹುಳ ಆರಿಸಿ, ದಪ್ಪ ಭಾಗದ ನಡುವಿನಿಂದ ಡಿಎನ್ಎ ಚೂರು ತೆಗೆಯಿರಿ. ಬಾಲದ ತುದಿಯ ಒಂಟಿ ಸ್ಪಿಕ್ಯೂಲ್ (ಗಂಡು ಕೂಡುವಾಗ ಬಳಸುವ ಮುಳ್ಳಿನಂಥ ಅಂಗ) ಅಂಗರಚನೆಗೆ ಉಳಿಯಲಿ.

ಗಂಟುಹುಳ ಈಸೊಫ್ಯಾಗೊಸ್ಟೋಮಮ್‌ನಲ್ಲಿ ಎರಡು ಜಾತಿ ಮುಖ್ಯ. ಡೆಂಟೇಟಮ್ ಗಂಡಿನ ಸ್ಪಿಕ್ಯೂಲ್ 1.15ರಿಂದ 1.3 ಮಿಲಿಮೀಟರ್. ಕ್ವಾಡ್ರಿಸ್ಪಿನ್ಯುಲೇಟಮ್‌ನದು ಒಂದು ಮಿಲಿಮೀಟರ್‌ನ ಒಳಗೆ, ಹೆಣ್ಣಿನ ಬಾಲ ಡೆಂಟೇಟಮ್‌ಗಿಂತ ಉದ್ದ. ಎರಡೂ ಒಂದೇ ಹಂದಿಯಲ್ಲಿ ಬೆರೆತಿರುತ್ತವೆ. ಒಂದು ಹುಳ ನೋಡಿ ಉಳಿದವಕ್ಕೂ ಅದೇ ಹೆಸರು ಕೊಡಬೇಡಿ. ಸಗಣಿಯಲ್ಲಿ ಸಿಗುವ ಇವುಗಳ ಮೊಟ್ಟೆಯಿಂದ ಜಾತಿ ಹೇಳಲು ಸಾಧ್ಯವೇ ಇಲ್ಲ. ಹಯೋಸ್ಟ್ರಾಂಜೈಲಸ್ ಮೊಟ್ಟೆಯೂ ಹಾಗೇ ಕಾಣುತ್ತದೆ.

### ಶ್ವಾಸಕೋಶ ಮತ್ತು ಕಿಡ್ನಿ

ಶ್ವಾಸನಾಳದ ಮೆಟಾಸ್ಟ್ರಾಂಜೈಲಸ್‌ನಲ್ಲಿ ಸ್ಪಿಕ್ಯೂಲ್‌ನ ಉದ್ದವೇ ತೀರ್ಪು. ಸುಮಾರು 4 ಮಿಲಿಮೀಟರ್, ತುದಿಯಲ್ಲಿ ಒಂದು ಕೊಕ್ಕೆ ಇದ್ದರೆ ಅಪ್ರೈ. 2ಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಲ್ಮೈ. ಸುಮಾರು ಒಂದೂವರೆ, ತುದಿಯಲ್ಲಿ ಎರಡು ಕೊಕ್ಕೆ ಇದ್ದರೆ ಪ್ಯುಡೆಂಡೊಟೆಕ್ಟಸ್. ಹುಳ ಸುರುಳಿಯಾಗಿದ್ದರೆ ಈ ಅಳತೆ ಬರುವುದಿಲ್ಲ. ಹಂತ 2ರಲ್ಲಿ ಬಿಸಿ ಆಲ್ಕೋಹಾಲಿನ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ. ಎರೆಹುಳ ತಿಂದು ಬರುವ ಸೋಂಕಾದ್ದರಿಂದ ಕಾಡುಹಂದಿ, ಬಿಟ್ಟು ಸಾಕಿದ ಹಂದಿಗಳಲ್ಲಿ ಹೆಚ್ಚು.

ಕಿಡ್ನಿಯ ಕೊಬ್ಬಿನಲ್ಲಿ 2ರಿಂದ 4.5 ಸೆಂಟಿಮೀಟರ್‌ನ ದಪ್ಪ ಹುಳ, ಬಟ್ಟಲಿನಂಥ ಬಾಯಿ, ಅದರ ತಳದಲ್ಲಿ ಹಲ್ಲುಗಳಿದ್ದರೆ ಸ್ಟೆಫಾನ್ಯುರಸ್ ಡೆಂಟೇಟಸ್.

### ಮಾಂಸ ಮತ್ತು ಲಿವರ್

ಮಾಂಸದಲ್ಲಿ ನೆನೆದ ಸಬ್ಬಕ್ಕಿಯಂಥ ಚೀಲ, ಒಳಗೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಲಾಡಿಹುಳದ ತಲೆ. ಅದನ್ನು ಹೊರಚಾಚಿಸಿ ಸ್ಲೈಡಿನ ಮೇಲೆ ಒತ್ತಿದರೆ ನಾಲ್ಕು ಹೀರುಬಟ್ಟಲು, ಎರಡು ಸಾಲಿನಲ್ಲಿ 22ರಿಂದ 32 ಕೊಕ್ಕೆ ಕಾಣುತ್ತವೆ. ಅದು ಟೀನಿಯಾ ಸೋಲಿಯಮ್. ಲಿವರ್ ಮೇಲೆ ಅಥವಾ ಕರುಳಿನ ಪೊರೆಯಲ್ಲಿ ಜೋತುಬಿದ್ದ ದೊಡ್ಡ ಚೀಲ, ಒಳಗೆ ಉದ್ದ ಕತ್ತು ಇದ್ದರೆ ಅದು ಹೆಚ್ಚಾಗಿ ಟೀನಿಯಾ ಹೈಡಾಟಿಜೆನಾ, ನಾಯಿಯ ಲಾಡಿಹುಳ. ಇದರ ಕೊಕ್ಕೆ 26ರಿಂದ 46. ಸಂಖ್ಯೆಗಳು ಒಂದರ ಮೇಲೊಂದು ಬೀಳುತ್ತವೆ, ಗಮನಿಸಿದಿರಲ್ವಾ? 28 ಕೊಕ್ಕೆ ಎಣಿಸಿದರೆ ಎರಡೂ ಆಗಬಹುದು. ಇಲ್ಲಿ ಡಿಎನ್ಎ ಇಲ್ಲದೆ ವರದಿ ಬರೆಯಬೇಡಿ. ಸೋಲಿಯಮ್ ಮನುಷ್ಯನ ಮಿದುಳಿಗೆ ಹೋಗುವ ಹುಳ, ಹೈಡಾಟಿಜೆನಾ ಅಲ್ಲ. ತಪ್ಪು ವರದಿಯಿಂದ ಒಂದು ಊರಿನ ಹಂದಿ ಸಾಕುವವರ ಬದುಕೇ ಏರುಪೇರಾಗುತ್ತದೆ.

ಟ್ರೈಕಿನೆಲ್ಲಾ ಮರಿಗಳು ಕಣ್ಣಿಗೆ ಕಾಣವು. ವಪೆಯ ಮಾಂಸವನ್ನು ಪೆಪ್ಸಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದದ್ದರಲ್ಲಿ ಸುಮಾರು ಒಂದು ಮಿಲಿಮೀಟರ್‌ನ ಮರಿ ಹುಡುಕಬೇಕು. ಕುಲ ಗೊತ್ತಾಗುತ್ತದೆ, ಜಾತಿ ಅಂಗರಚನೆಯಿಂದ ಗೊತ್ತಾಗದು.

ಲಿವರ್ ಮೇಲೆ ಬರೀ ಬಿಳಿ ಚುಕ್ಕೆಗಳಿದ್ದರೆ ಅದು ಸಾಮಾನ್ಯವಾಗಿ ಆಸ್ಕ್ಯಾರಿಸ್ ಮರಿಗಳು ದಾಟಿಹೋದ ಗಾಯ. ಅದು ಸುಳಿವು ಅಷ್ಟೇ. ಅದರ ಮೇಲೆ ಜಾತಿಯ ಹೆಸರು ಬರೆಯುವಂತಿಲ್ಲ.

## ಹಂತ 7: ಡಿಎನ್ಎ ತೆಗೆಯುವುದು

ಚೂರನ್ನು ಆಲ್ಕೋಹಾಲಿನಿಂದ ತೆಗೆದು, ಶುದ್ಧ ನೀರಿನಲ್ಲಿ ಎರಡು ಮೂರು ಸಲ ಅದ್ದಿ. ಆಲ್ಕೋಹಾಲ್ ಉಳಿದರೆ ಕಿಣ್ವ ಕೆಲಸ ಮಾಡುವುದಿಲ್ಲ. ದುಂಡುಹುಳದ ಹೊರಚರ್ಮ ಗಟ್ಟಿ. ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೂರು ಕರಗಿ ದ್ರವ ತಿಳಿಯಾಗಿರಬೇಕು. ಗಟ್ಟಿ ತುಂಡು ಕಂಡರೆ ಮತ್ತಷ್ಟು ಕಿಣ್ವ ಹಾಕಿ ಕಾಯಿರಿ, ಮುಂದೆ ಹೋಗಬೇಡಿ.

ಜಾಸ್ತಿ ಹಾಕಿದರೆ ಜಾಸ್ತಿ ಡಿಎನ್ಎ ಬರುತ್ತದೆ ಅನ್ನುವುದು ತಪ್ಪು. ಡಿಎನ್ಎ ಶುದ್ಧ ಮಾಡುವ ಕಿಟ್ಟಿನ ಸೋಸುವ ಕಾಲಂ ಕಟ್ಟಿಕೊಳ್ಳುತ್ತದೆ. 25 ಮಿಲಿಗ್ರಾಂ ಮೀರಬೇಡಿ. ಪ್ರತಿ ಸಲವೂ ಹುಳ ಹಾಕದ ಒಂದು ಖಾಲಿ ಟ್ಯೂಬನ್ನೂ ಜೊತೆಗೆ ನಡೆಸಿ. ಕೊನೆಯಲ್ಲಿ ಪಿಸಿಆರ್ ಮಾಡಿದಾಗ ಆ ಖಾಲಿ ಟ್ಯೂಬಿನಲ್ಲೂ ಬ್ಯಾಂಡ್ (ಜೆಲ್ಲಿನಲ್ಲಿ ಕಾಣುವ ಡಿಎನ್ಎ ಗೆರೆ) ಬಂದರೆ ಎಲ್ಲೋ ಬೆರಕೆ ಆಗಿದೆ. ಆ ದಿನದ ಎಲ್ಲ ಫಲಿತಾಂಶವನ್ನೂ ಬಿಡಬೇಕು. ಬೇಜಾರಾಗುತ್ತದೆ, ಆದರೂ ಬಿಡಬೇಕು.

## ಹಂತ 8: ಯಾವ ಜೀನ್, ಯಾವ ಪ್ರಶ್ನೆಗೆ

ಪ್ರೈಮರ್ ಅಂದರೆ ಪಿಸಿಆರ್ ಎಲ್ಲಿಂದ ನಕಲು ಶುರು ಮಾಡಬೇಕೆಂದು ತೋರಿಸುವ ಸಣ್ಣ ಡಿಎನ್ಎ ತುಂಡು. ಒಂದೇ ಪ್ರೈಮರ್ ಎಲ್ಲ ಹುಳಕ್ಕೂ ಹೊಂದುವುದಿಲ್ಲ. ಹಂತ 4ರ ಗುಂಪು ಈಗ ಕೆಲಸಕ್ಕೆ ಬರುತ್ತದೆ.

ಬರ್ಸಾ ಇರುವ ದುಂಡುಹುಳಗಳಿಗೆ ಐಟಿಎಸ್‌2 (ರೈಬೋಸೋಮ್ ಜೀನ್‌ಗಳ ನಡುವಿನ ಡಿಎನ್ಎ ತುಂಡು) ಒಳ್ಳೆಯದು. ಎನ್‌ಸಿ1 ಮತ್ತು ಎನ್‌ಸಿ2 ಪ್ರೈಮರ್ ಜೋಡಿ ಇದಕ್ಕೆ ಎಲ್ಲರೂ ಬಳಸುವಂಥದ್ದು. ಗಂಟುಹುಳದ ಎರಡು ಜಾತಿಗಳು ಇಲ್ಲಿ ಸ್ಪಷ್ಟವಾಗಿ ಬೇರೆಯಾಗುತ್ತವೆ. ಲಾಡಿಹುಳ ಮತ್ತು ಚಪ್ಪಟೆಹುಳಗಳಿಗೆ ಮೈಟೋಕಾಂಡ್ರಿಯಾದ ಕಾಕ್ಸ್‌1 ಜೀನ್, ಜೆಬಿ3 ಮತ್ತು ಜೆಬಿ4.5 ಪ್ರೈಮರ್. ಸುಮಾರು 450 ಅಕ್ಷರಗಳ ತುಂಡು ಬರುತ್ತದೆ. ಸೋಲಿಯಮ್, ಹೈಡಾಟಿಜೆನಾ ಗೊಂದಲ ಇಲ್ಲಿ ಬಗೆಹರಿಯುತ್ತದೆ. ಟ್ರೈಕಿನೆಲ್ಲಾಕ್ಕೆ ಒಂದೇ ಮರಿಯ ಮೇಲೆ ಮಾಡುವ ಮಲ್ಟಿಪ್ಲೆಕ್ಸ್ ಪಿಸಿಆರ್ (ಹಲವು ಪ್ರೈಮರ್ ಜೋಡಿ ಒಟ್ಟಿಗೇ ಹಾಕುವುದು) ಇದೆ. ಸ್ಪೈರಾಲಿಸ್‌ಗೆ 173 ಅಕ್ಷರಗಳ ಒಂದೇ ಬ್ಯಾಂಡ್, ಬ್ರಿಟೋವಿಗೆ 127 ಮತ್ತು 253ರ ಎರಡು.

ಆಸ್ಕ್ಯಾರಿಸ್ ಕಥೆ ಬೇರೆ. ಹಂದಿಯ ಸೂಮ್, ಮನುಷ್ಯನ ಲುಂಬ್ರಿಕಾಯ್ಡಿಸ್ ಎರಡನ್ನೂ ಅಂಗರಚನೆಯಿಂದ ನಂಬಿಕೆಯಿಂದ ಬೇರೆ ಮಾಡಲಾಗದು. ಐಟಿಎಸ್‌1ರಲ್ಲಿ ಕೆಲವೇ ಅಕ್ಷರಗಳ ವ್ಯತ್ಯಾಸ. ಆ ತುಂಡನ್ನು ಹೇ-ತ್ರೀ (HaeIII) ಎಂಬ ಕತ್ತರಿ ಕಿಣ್ವದಿಂದ ಕತ್ತರಿಸಿದರೆ ಹಂದಿ ಮಾದರಿ, ಮನುಷ್ಯ ಮಾದರಿಗಳ ಪಟ್ಟಿ ಬೇರೆ ಬೇರೆ ಕಾಣುತ್ತದೆ. ಎರಡೂ ಪಟ್ಟಿ ಒಟ್ಟಿಗೇ ಕಾಣುವ ಹುಳಗಳೂ ಇವೆ. ಕಾಕ್ಸ್‌1 ಇಲ್ಲಿ ನೆರವಾಗುವುದಿಲ್ಲ. ಅದರ ಗುಂಪುಗಳಲ್ಲಿ ಎರಡೂ ಕಡೆಯ ಹುಳ ಬೆರೆತಿವೆ.

ಪಿಸಿಆರ್ ಬರದಿದ್ದರೆ ಮೊದಲು ಡಿಎನ್ಎಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ. ರಕ್ತ, ಪಿತ್ತದ ಬಣ್ಣ ಸೇರಿದ್ದರೆ ಅದು ಅಡ್ಡಿ ಮಾಡುತ್ತಿರುತ್ತದೆ. ಆಮೇಲಷ್ಟೇ ಪ್ರೈಮರ್ ಬದಲಿಸಿ.

## ಹಂತ 9: ಸೀಕ್ವೆನ್ಸ್ ಓದುವುದು

ಎರಡೂ ದಿಕ್ಕಿನಿಂದ ಸೀಕ್ವೆನ್ಸ್ (ಡಿಎನ್ಎ ಅಕ್ಷರಗಳ ಸಾಲನ್ನು ಓದುವುದು) ಮಾಡಿಸಿ. ಬಂದ ಕೂಡಲೇ ಹೋಲುವ ಸೀಕ್ವೆನ್ಸ್ ಹುಡುಕುವ ತಂತ್ರಾಂಶ ಬ್ಲಾಸ್ಟ್‌ಗೆ ಹಾಕಬೇಡಿ. ಮೊದಲು ಶಿಖರಗಳ ಚಿತ್ರ ತೆರೆಯಿರಿ. ಶುರು ಮತ್ತು ಕೊನೆಯ ಕಲಸುಮೇಲೋಗರವನ್ನು ಕತ್ತರಿಸಿ. ಒಂದೇ ಜಾಗದಲ್ಲಿ ಎರಡು ಶಿಖರ ಇದ್ದರೆ ನಿಲ್ಲಿ. ಅದು ಎರಡು ಹುಳ ಬೆರೆತ ಲಕ್ಷಣ ಇರಬಹುದು, ಗರ್ಭಕೋಶದ ಮೊಟ್ಟೆ ಇರಬಹುದು, ಅಥವಾ ಐಟಿಎಸ್‌ನ ಸಹಜ ಗುಣವೇ ಇರಬಹುದು. ಒಂದು ಜೀವಿಯಲ್ಲೇ ಇದರ ನೂರಾರು ಪ್ರತಿಗಳಿರುತ್ತವೆ.

ಕಾಕ್ಸ್‌1 ಆದರೆ ಅದನ್ನು ಪ್ರೋಟೀನಿಗೆ ಅನುವಾದಿಸಿ ನೋಡಿ. ನಡುವೆ ಸ್ಟಾಪ್ (ಪ್ರೋಟೀನ್ ಮುಗಿಯುವ ಗುರುತು) ಬಂದರೆ ಅದು ನಿಜವಾದ ಜೀನ್ ಅಲ್ಲದಿರಬಹುದು. ಆದರೆ ಅನುವಾದಕ್ಕೆ ಜೆನೆಟಿಕ್ ಕೋಡ್‌ನ ಸರಿಯಾದ ಕೋಷ್ಟಕ ಆರಿಸಿದ್ದೀರಾ ಅಂತ ಮೊದಲು ನೋಡಿ. ದುಂಡುಹುಳಕ್ಕೆ 5ನೇ ಕೋಷ್ಟಕ, ಚಪ್ಪಟೆಹುಳ ಮತ್ತು ಲಾಡಿಹುಳಕ್ಕೆ 9ನೇದು. ಒಂದನೇ ಕೋಷ್ಟಕದಲ್ಲಿ ಹಾಕಿ, ಸ್ಟಾಪ್ ಬಂತು ಅಂತ ಒಳ್ಳೆಯ ಸೀಕ್ವೆನ್ಸನ್ನೇ ಎಸೆದವರಿದ್ದಾರೆ.

ಜೆನ್‌ಬ್ಯಾಂಕ್‌ನ ಮೊದಲ ಸಾಲಿನ ಹೆಸರನ್ನು ಹಾಗೇ ನಕಲು ಮಾಡಬೇಡಿ. ಅದು ಎಲ್ಲರೂ ಸೀಕ್ವೆನ್ಸ್ ಹಾಕುವ ಸಾರ್ವಜನಿಕ ಸಂಗ್ರಹ. ಅಲ್ಲಿರುವ ಹೆಸರು ಸೀಕ್ವೆನ್ಸ್ ಹಾಕಿದವರು ಕೊಟ್ಟದ್ದು, ಅದೂ ತಪ್ಪಿರಬಹುದು. ನಿಮ್ಮ ತುಂಡಿನ ಎಷ್ಟು ಭಾಗ ಹೊಂದಿದೆ, ಆ ಹುಳ ಯಾವ ಪ್ರಾಣಿಯಿಂದ ಬಂದದ್ದು, ಅದರ ಅಂಗರಚನೆ ಯಾರಾದರೂ ನೋಡಿದ್ದಾರಾ ಅಂತ ಹುಡುಕಿ. ಹಂದಿಯ ಹುಳ ಲುಂಬ್ರಿಕಾಯ್ಡಿಸ್‌ಗೆ 99% ಹೊಂದಿತು ಅಂದರೆ ಮನುಷ್ಯನ ಹುಳ ಹಂದಿಗೆ ಬಂತು ಅಂತ ಅರ್ಥವಲ್ಲ. ಆ ತುಂಡು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಇಷ್ಟು ಶೇಕಡಾ ಹೊಂದಿದರೆ ಒಂದೇ ಜಾತಿ ಎಂಬ ಗೆರೆ ಎಲ್ಲ ಹುಳಕ್ಕೂ ಅನ್ವಯಿಸುವುದಿಲ್ಲ.

## ಹಂತ 10: ಎರಡು ಸಾಕ್ಷಿ ಒಪ್ಪದಿದ್ದರೆ

ಸ್ಪಿಕ್ಯೂಲ್ ಡೆಂಟೇಟಮ್ ಅನ್ನುತ್ತದೆ, ಐಟಿಎಸ್‌2 ಕ್ವಾಡ್ರಿಸ್ಪಿನ್ಯುಲೇಟಮ್ ಅನ್ನುತ್ತದೆ. ಆಗ ಹೊಸ ಜಾತಿ ಸಿಕ್ಕಿತು ಅಂತ ಹಿಗ್ಗುವ ಮುಂಚೆ ಶೀಶೆಯ ಸಂಖ್ಯೆ ನೋಡಿ. ಬಹಳ ಸಲ ತಪ್ಪು ಅಲ್ಲೇ ಸಿಗುತ್ತದೆ. ಆಮೇಲೆ ಖಾಲಿ ಟ್ಯೂಬಿನ ಫಲಿತಾಂಶ. ಆಮೇಲೆ ಅಳತೆಯ ಲೆಕ್ಕ. ಮೂರೂ ಸರಿ ಇದ್ದರೆ ಉಳಿಸಿಟ್ಟ ಡಿಎನ್ಎ ಚೂರಿನಿಂದ ಮತ್ತೆ ಮೊದಲಿಂದ ಮಾಡಿ, ಇನ್ನೊಂದು ಜೀನನ್ನೂ ಓದಿ. ಚೂರನ್ನು ಪೂರ್ತಿ ಖರ್ಚು ಮಾಡಬಾರದು ಅನ್ನುವುದು ಇದಕ್ಕೇ.

ವರದಿಯಲ್ಲಿ ನಿಮಗೆ ಗೊತ್ತಾದಷ್ಟು ಮಾತ್ರ ಬರೆಯಿರಿ. ಬರೀ ಹೆಣ್ಣುಹುಳ ಸಿಕ್ಕಿ ಡಿಎನ್ಎ ಬರದಿದ್ದರೆ ‘ಮೆಟಾಸ್ಟ್ರಾಂಜೈಲಸ್, ಜಾತಿ ನಿರ್ಧರಿಸಿಲ್ಲ’ ಅಂದರೆ ಸಾಕು. ಆಸ್ಕ್ಯಾರಿಸ್‌ಗೆ ‘ಐಟಿಎಸ್‌1 ಪ್ರಕಾರ ಹಂದಿ ಮಾದರಿ’ ಅಂತ ಬರೆಯಿರಿ. ಪ್ರತಿ ಹೆಸರಿನ ಪಕ್ಕ ಅಂಗ, ಲಿಂಗ, ಅಳತೆ, ಎಷ್ಟು ಹುಳ ನೋಡಿದಿರಿ, ಯಾವ ಜೀನ್ ಓದಿದಿರಿ, ಶೀಶೆಯ ಸಂಖ್ಯೆ ಏನು ಎಂಬುದಿರಲಿ. ತಲೆ ಮತ್ತು ಬಾಲದ ಶೀಶೆಯನ್ನು ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗದ ಸಂಗ್ರಹಕ್ಕೆ ಕೊಟ್ಟು, ಅವರು ಕೊಡುವ ಸಂಖ್ಯೆಯನ್ನೇ ಜೆನ್‌ಬ್ಯಾಂಕ್‌ಗೆ ಹಾಕುವ ಸೀಕ್ವೆನ್ಸ್ ಜೊತೆ ನಮೂದಿಸಿ. ಮುಂದೆ ಯಾರಿಗಾದರೂ ನಿಮ್ಮ ಹೆಸರಿನ ಮೇಲೆ ಅನುಮಾನ ಬಂದರೆ ಅವರು ಆ ಶೀಶೆ ತೆರೆದು ನೋಡಲಿ.